ಹದಿನೈದರ ಮಗನ ಸಿಡುಕು: ವಯಸ್ಸಿನ ಗುಣವೋ, ಖಿನ್ನತೆಯ ಲಕ್ಷಣವೋ?

ಪ್ರಶ್ನೆ: ಇಬ್ಬರು ಮಕ್ಕಳ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ದೊಡ್ಡ ಮಗನಿಗೆ ಈಗ 15 ವರ್ಷ. ಮೂರು ತಿಂಗಳ ಹಿಂದಿನವರೆಗೂ ಶಾಲೆಯಿಂದ ಬಂದ ಕೂಡಲೇ ಚೀಲವನ್ನು ಮೂಲೆಗೆ ಎಸೆದು ಫುಟ್‌ಬಾಲ್ ಆಡಲು ಓಡುತ್ತಿದ್ದ. ಆಡಿ ಬಂದ ಮೇಲೆ ಯಾರು ಚೆಂಡು ಬಿಟ್ಟುಕೊಡಲಿಲ್ಲ, ಯಾರು ಮೋಸ ಮಾಡಿದರು ಎಂಬ ವರದಿಯನ್ನು ನಾನು ಬೇಡವೆಂದರೂ ಒಪ್ಪಿಸುತ್ತಿದ್ದ. ಈಗ ಆಟವೂ ನಿಂತಿದೆ, ವರದಿಯೂ ನಿಂತಿದೆ. ಬಾಗಿಲು ಹಾಕಿಕೊಂಡು ಕೋಣೆಯಲ್ಲಿ ಕುಳಿತರೆ ಊಟಕ್ಕೆ ನಾಲ್ಕು ಸಲ ಕರೆಯಬೇಕು; ನಾಲ್ಕನೆಯ ಸಲಕ್ಕೆ ಹೊರಗೆ ಬರುವುದು ಅವನಲ್ಲ, ಅವನ ಸಿಡುಕು. ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿರುತ್ತಾನೆ, ಬೆಳಿಗ್ಗೆ ಎಬ್ಬಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ. ಗಣಿತದಲ್ಲಿ ಎಂದೂ ಹಿಂದೆ ಬೀಳದವನು ಈ ಸಲದ ಪರೀಕ್ಷೆಯಲ್ಲಿ ಅರ್ಧದಷ್ಟು ಪ್ರಶ್ನೆಗಳನ್ನು ಮುಟ್ಟದೆಯೇ ಎದ್ದು ಬಂದಿದ್ದಾನೆ.

ನನಗೆ ದಿಕ್ಕು ತೋಚದಂತಾಗಿರುವುದು ಏಕೆಂದರೆ, ಅವನು ಅಳುವುದನ್ನು ನಾನು ನೋಡಿಲ್ಲ, ಬೇಜಾರು ಎಂಬ ಮಾತನ್ನು ಅವನ ಬಾಯಿಂದ ಕೇಳಿಲ್ಲ, ಇರುವುದೆಲ್ಲ ಕೋಪ. ದುಃಖವೇ ಕಾಣದಿದ್ದರೆ ಅದನ್ನು ಖಿನ್ನತೆ ಎನ್ನಬಹುದೇ? "ಈ ವಯಸ್ಸಿನಲ್ಲಿ ನಾನೂ ಹೀಗೆಯೇ ಇದ್ದೆ, ತಾನಾಗಿಯೇ ಸರಿಹೋಗುತ್ತದೆ" ಎಂದು ಅವನ ತಂದೆ ಹೇಳುತ್ತಾರೆ. ಎಲ್ಲಕ್ಕೂ ಮೊಬೈಲೇ ಕಾರಣವೆಂದು ತೀರ್ಮಾನಿಸಿ ಹತ್ತು ದಿನಗಳ ಹಿಂದೆ ನಾನು ಅದನ್ನು ಕಿತ್ತಿಟ್ಟುಕೊಂಡೆ. ಅಂದಿನಿಂದ ಆಡುತ್ತಿದ್ದ ನಾಲ್ಕು ಮಾತನ್ನೂ ಅವನು ಆಡುತ್ತಿಲ್ಲ.

ಇನ್ನೊಂದು ಸಂಗತಿಯಿದೆ. ಮೊನ್ನೆ ಅವನ ಮೇಜು ಒರೆಸುವಾಗ ತೆರೆದಿದ್ದ ನೋಟ್‌ಬುಕ್ಕಿನಲ್ಲಿ, "ನಾನಿಲ್ಲದಿದ್ದರೆ ಇವರೆಲ್ಲ ನೆಮ್ಮದಿಯಾಗಿರುತ್ತಾರೆ" ಎಂಬ ಒಂದು ಸಾಲು ಕಣ್ಣಿಗೆ ಬಿತ್ತು. ನಾನು ಅದನ್ನು ನೋಡಿದ್ದು ಅವನಿಗೆ ಗೊತ್ತಿಲ್ಲ. ಆ ವಿಷಯ ಎತ್ತಿದರೆ ಇಲ್ಲದ ಯೋಚನೆಯನ್ನು ನಾನೇ ಅವನ ತಲೆಗೆ ತುಂಬಿದಂತಾಗುತ್ತದೆಯೇನೋ ಎಂದು ಭಯವಾಗಿ ಸುಮ್ಮನಿದ್ದೇನೆ. ಏನು ಮಾಡಲಿ?

ಉತ್ತರ 1: ಶಾಲಾ ಆಪ್ತಸಮಾಲೋಚಕಿ

ಮೇಡಂ, ನಿಮ್ಮ ಕೊನೆಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉಳಿದ ಪ್ರಶ್ನೆಗಳು ಒಂದು ವಾರ ಕಾಯಬಹುದು, ಇದು ಕಾಯುವಂಥದ್ದಲ್ಲ. ಆ ಸಾಲಿನ ಬಗ್ಗೆ ಮಗನನ್ನು ಇಂದೇ ಕೇಳಿ. ಕೇಳುವುದರಿಂದ ಯೋಚನೆ ಹುಟ್ಟುತ್ತದೆ ಎಂಬ ಭಯ ನಾನು ಕಂಡ ಬಹುತೇಕ ಎಲ್ಲ ಹೆತ್ತವರಲ್ಲಿಯೂ ಇತ್ತು. ಸಂಶೋಧಕರು ಇದನ್ನು ಮತ್ತೆ ಮತ್ತೆ ಪರೀಕ್ಷಿಸಿ ನೋಡಿದ್ದಾರೆ, ಸಾವಿನ ಯೋಚನೆಯ ಬಗ್ಗೆ ಕಾಳಜಿಯಿಂದ ಕೇಳಿದ್ದರಿಂದ ಅದು ಹುಟ್ಟಿದ್ದಾಗಲಿ ಹೆಚ್ಚಿದ್ದಾಗಲಿ ಕಂಡುಬಂದಿಲ್ಲ. ಎಷ್ಟೋ ಮಕ್ಕಳಿಗೆ ಯಾರಾದರೂ ಕೇಳಿದರಲ್ಲ ಎಂಬುದೇ ಹೊರೆ ಇಳಿದಂತಾಗುತ್ತದೆ.

ಆದರೆ ಕೇಳುವ ರೀತಿ ಮುಖ್ಯ. "ಹಾಗೆಲ್ಲ ಏನೂ ಯೋಚನೆ ಮಾಡುತ್ತಿಲ್ಲ ತಾನೇ?" ಎಂದು ಕೇಳಬೇಡಿ. ಆ ಪ್ರಶ್ನೆಯ ಒಳಗೇ ಉತ್ತರವಿದೆ. ಮಗು "ಇಲ್ಲ" ಎಂದು ಹೇಳಿ ನಿಮ್ಮನ್ನು ಸಮಾಧಾನಪಡಿಸುತ್ತದೆ, ಅಷ್ಟೆ. ಬಾಗಿಲು ಹಾಕಿ, ಎದುರಿಗೆ ಕುಳಿತು, ಹೀಗೆ ಹೇಳಬಹುದು: "ನೀನು ಬರೆದದ್ದು ನನ್ನ ಕಣ್ಣಿಗೆ ಬಿತ್ತು. ಓದಿದ್ದಕ್ಕೆ ನಿನಗೆ ಸಿಟ್ಟು ಬಂದರೆ ಅದು ನ್ಯಾಯವೇ. ಆದರೆ ಓದಿದ ಮೇಲೆ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ. ಸತ್ತುಹೋಗಬೇಕು ಎಂದು ನಿನಗೆ ಅನಿಸುತ್ತದೆಯೇ?" ಸಾವು ಎಂಬ ಶಬ್ದವನ್ನೇ ಬಳಸಿ, ಸುತ್ತಿ ಬಳಸಿ ಮಾತನಾಡಬೇಡಿ. ಅವನು ಹೌದೆಂದರೆ ಉಪದೇಶಕ್ಕೆ ಇಳಿಯದೆ, ಅಂಥ ಯೋಚನೆ ಎಷ್ಟು ಸಲ ಬರುತ್ತದೆ, ಹೇಗೆ ಎಂದು ಯೋಚಿಸಿದ್ದಾನೆಯೇ, ಅದಕ್ಕಾಗಿ ಏನಾದರೂ ಹೊಂದಿಸಿಕೊಂಡಿದ್ದಾನೆಯೇ ಎಂದು ಕೇಳಿ. ಯೋಜನೆ ಇದೆ ಎಂದು ಗೊತ್ತಾದರೆ ಅವನನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು, ಅಥವಾ ನೀವಿರುವಲ್ಲಿಯ ಸಹಾಯವಾಣಿಗೆ ಕೂಡಲೇ ಕರೆ ಮಾಡಬೇಕು. ಉತ್ತರ ಏನೇ ಬರಲಿ, ಮನೆಯಲ್ಲಿರುವ ಮಾತ್ರೆಗಳನ್ನೂ ಜೀವಕ್ಕೆ ಅಪಾಯ ತರಬಲ್ಲ ಇತರ ವಸ್ತುಗಳನ್ನೂ ಇಂದು ರಾತ್ರಿಯೇ ಬೀಗದೊಳಗೆ ಇಡಿ. ಸಾಯಬೇಕೆಂಬ ತೀವ್ರ ಆವೇಗ ಅನೇಕರಲ್ಲಿ ಸ್ವಲ್ಪ ಹೊತ್ತು ಇದ್ದು ಇಳಿದುಹೋಗುವಂಥದ್ದು. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಇನ್ನು ಕೋಪದ ವಿಷಯ. ದೊಡ್ಡವರಲ್ಲಿ ಖಿನ್ನತೆಯ ಮುಖ್ಯ ಗುರುತು ದುಃಖ ಅಥವಾ ಆಸಕ್ತಿಯ ನಷ್ಟ. ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ದುಃಖದ ಜಾಗದಲ್ಲಿ ಸಿಡುಕು ಮಾತ್ರವೇ ಇರಬಹುದು ಎಂದು ಮನೋವೈದ್ಯರು ಬಳಸುವ ರೋಗನಿರ್ಣಯದ ಕೈಪಿಡಿಯೇ ಸ್ಪಷ್ಟವಾಗಿ ಹೇಳುತ್ತದೆ. ಅದರ ಪ್ರಕಾರ ನಿದ್ರೆ, ಹಸಿವು, ದಣಿವು, ಏಕಾಗ್ರತೆ, ತಾನು ನಿಷ್ಪ್ರಯೋಜಕ ಎಂಬ ಭಾವನೆ, ಸಾವಿನ ಯೋಚನೆ ಮೊದಲಾದ 9 ಲಕ್ಷಣಗಳಲ್ಲಿ ಕನಿಷ್ಠ 5 ಲಕ್ಷಣಗಳು ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ ಇದ್ದು, ದಿನನಿತ್ಯದ ಬದುಕು ಕೆಟ್ಟಿರಬೇಕು. ನೀವು ಬರೆದದ್ದರಲ್ಲಿಯೇ ನನಗೆ ನಾಲ್ಕೈದು ಕಾಣುತ್ತಿವೆ. ಇದನ್ನು ರೋಗನಿರ್ಣಯವೆಂದು ತಿಳಿಯಬೇಡಿ, ಅದು ಅವನನ್ನು ಎದುರಿಗೆ ಕಂಡ ವೈದ್ಯರ ಕೆಲಸ. ಆದರೆ ಮೂರು ತಿಂಗಳು ಕಾದದ್ದು ಸಾಕು ಎನ್ನಲು ಇಷ್ಟು ಧಾರಾಳವಾಯಿತು.

ನಿಮ್ಮ ಮನೆಯಲ್ಲಿ ಮಾತ್ರ ಹೀಗಾಯಿತು ಎಂದು ಕುಗ್ಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 10ರಿಂದ 19 ವರ್ಷದವರಲ್ಲಿ ಏಳು ಮಂದಿಗೆ ಒಬ್ಬರು ಯಾವುದಾದರೊಂದು ಮಾನಸಿಕ ಸಮಸ್ಯೆಯನ್ನು ಅನುಭವಿಸುತ್ತಿದ್ದಾರೆ. ಒಂದು ತರಗತಿಯ ಬೆಂಚುಗಳನ್ನು ಲೆಕ್ಕ ಹಾಕಿ ನೋಡಿದರೆ ಅದು ಎಷ್ಟೆಂದು ತಿಳಿಯುತ್ತದೆ.

ಉತ್ತರ 2: ಪ್ರೌಢಶಾಲೆಯ ಜೀವಶಾಸ್ತ್ರ ಶಿಕ್ಷಕ

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಸಹಮತವಿದೆ. ನಾನು ತಂದೆಯವರ ಮಾತಿನ ಬಗ್ಗೆ ಸ್ವಲ್ಪ ಬರೆಯುತ್ತೇನೆ, ಏಕೆಂದರೆ ಶಿಕ್ಷಕರ ಕೊಠಡಿಯಲ್ಲಿಯೂ ಅದೇ ಮಾತು ದಿನವೂ ಕೇಳಿಬರುತ್ತದೆ. ಹದಿಹರೆಯವೆಂದರೆ ಬಿರುಗಾಳಿ, ತಳಮಳ ಎಂಬ ಕಲ್ಪನೆಯನ್ನು ಮನಶ್ಶಾಸ್ತ್ರದಲ್ಲಿ ಗಟ್ಟಿಯಾಗಿ ಊರಿದವರು ಅಮೆರಿಕದ ಸ್ಟ್ಯಾನ್ಲಿ ಹಾಲ್, 1904ರಲ್ಲಿ. ನಂತರ ಬಂದ ಅಧ್ಯಯನಗಳು ಆ ಚಿತ್ರವನ್ನು ಬಹಳಷ್ಟು ತಿದ್ದಿವೆ. ಹೆತ್ತವರೊಂದಿಗೆ ಜಗಳ, ಏರಿಳಿಯುವ ಮನಸ್ಥಿತಿ, ಅಪಾಯಕ್ಕೆ ಕೈಹಾಕುವ ಹುಮ್ಮಸ್ಸು ಈ ವಯಸ್ಸಿನಲ್ಲಿ ಹೆಚ್ಚುವುದು ನಿಜ. ಆದರೆ ಹೆಚ್ಚಿನ ಮಕ್ಕಳು ಕುಸಿಯದೆಯೇ ಈ ವರ್ಷಗಳನ್ನು ದಾಟುತ್ತಾರೆ. ಆದ್ದರಿಂದ ಕುಸಿದ ಮಗುವನ್ನು ಕಂಡು "ವಯಸ್ಸೇ ಹಾಗೆ" ಎನ್ನುವುದು ವಿವರಣೆಯಾಗದು. ಭಾವನೆ ಮತ್ತು ಆಮಿಷಗಳಿಗೆ ಸ್ಪಂದಿಸುವ ಮಿದುಳಿನ ಭಾಗಗಳು ಬೇಗ ಚುರುಕಾಗುತ್ತವೆ, ಅವುಗಳಿಗೆ ಲಗಾಮು ಹಾಕುವ ಮುಂಭಾಗದ ಹೊರಪದರ ಬಲಿಯಲು ಇಪ್ಪತ್ತೈದರ ಆಸುಪಾಸಿನವರೆಗೆ ಸಮಯ ಬೇಕಾಗುತ್ತದೆ. ಇದು ಬಾಗಿಲು ಬಡಿಯುವುದನ್ನು ವಿವರಿಸುತ್ತದೆ. ಮೂರು ತಿಂಗಳು ಚೆಂಡು ಮುಟ್ಟದಿರುವುದನ್ನು ವಿವರಿಸುವುದಿಲ್ಲ.

ನಿದ್ರೆಯ ವಿಷಯದಲ್ಲಿ ಮಾತ್ರ ಮಗನ ಪರವಾಗಿ ಒಂದು ಮಾತು. ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನು ಹದಿಹರೆಯದಲ್ಲಿ ಮೊದಲಿಗಿಂತ ತಡವಾಗಿ ಏರತೊಡಗುತ್ತದೆ; ಇದರಿಂದ ನಿದ್ದೆ ಹತ್ತುವ ಹೊತ್ತು ಮೊದಲಿಗಿಂತ ಎರಡು ತಾಸಿನಷ್ಟು ಮುಂದಕ್ಕೆ ಹೋಗಬಹುದು. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಶಾಲೆಯ ಗಂಟೆ ಮಾತ್ರ ದೊಡ್ಡವರ ಅನುಕೂಲಕ್ಕೆ ತಕ್ಕಂತೆ ಬಾರಿಸುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿಯೇ, ಪ್ರೌಢಶಾಲೆಗಳು ಬೆಳಿಗ್ಗೆ 8.30ಕ್ಕಿಂತ ಮೊದಲು ಆರಂಭವಾಗಬಾರದೆಂದು ಶಿಫಾರಸು ಮಾಡಿತು. (ನಮ್ಮ ಶಾಲೆಯ ಸಭೆಯಲ್ಲಿ ಇದನ್ನು ಪ್ರಸ್ತಾಪಿಸಿ ನಾನು ನಗೆಪಾಟಲಾದದ್ದು ಬೇರೆ ಕಥೆ.) ಹಾಗಾಗಿ ತಡವಾಗಿ ಏಳುವುದನ್ನು ಸೋಮಾರಿತನವೆಂದು ಬೈಯಬೇಡಿ. ರಜೆಯ ದಿನ ಬೇಕಾದಷ್ಟು ಮಲಗಿ ಎದ್ದ ಮೇಲೂ ಅವನು ದಣಿದೇ ಇರುತ್ತಾನೆಯೇ ಎಂಬುದನ್ನು ಗಮನಿಸಿ ವೈದ್ಯರಿಗೆ ಹೇಳಿ.

ಮೊಬೈಲ್ ಕಿತ್ತಿಟ್ಟುಕೊಂಡದ್ದು ತಪ್ಪೆಂದೇ ನನ್ನ ಅಭಿಪ್ರಾಯ. ರಾತ್ರಿ ಅದು ಮಲಗುವ ಕೋಣೆಯ ಹೊರಗಿರಲಿ, ಮನೆಯವರೆಲ್ಲರ ಮೊಬೈಲುಗಳೂ ಅದರ ಪಕ್ಕದಲ್ಲಿಯೇ ಚಾರ್ಜ್ ಆಗಲಿ. ಹಗಲಿನಲ್ಲಿ ಅದನ್ನು ಪೂರ್ತಿ ಕಸಿದುಕೊಂಡರೆ, ಅವನಿಗೆ ಇನ್ನೂ ಮಾತನಾಡುವ ಸ್ನೇಹಿತ ಒಬ್ಬನೇ ಒಬ್ಬನಿದ್ದರೂ ಅವನನ್ನೂ ನೀವು ಕಸಿದುಕೊಂಡಂತೆ. ಕೊನೆಯದಾಗಿ, ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಫುಟ್‌ಬಾಲ್. ಅಷ್ಟು ಪ್ರೀತಿಯ ಆಟವನ್ನು ಒಬ್ಬ ಹುಡುಗ ಬಿಟ್ಟ ದಿನ ಯಾವುದು, ಅದರ ಹಿಂದಿನ ದಿನ ಏನಾಯಿತು? ಯಾರಾದರೂ ಅವನನ್ನು ಕೇಳಿದ್ದಾರೆಯೇ?

ಉತ್ತರ 3: ಆ ದಾರಿಯಲ್ಲಿ ನಡೆದು ಬಂದವನು

ಆಂಟಿ, ನನಗೀಗ 23 ವರ್ಷ. 16ನೆಯ ವಯಸ್ಸಿನಲ್ಲಿ ನಾನು ನಿಮ್ಮ ಮಗನಂತೆಯೇ ಇದ್ದೆ. ಮನೆಯವರ ಕಣ್ಣಿಗೆ ಕಾಣುತ್ತಿದ್ದುದು ನನ್ನ ಕೋಪ ಮಾತ್ರ. ಒಳಗೆ ಇದ್ದದ್ದನ್ನು ದುಃಖ ಎಂದು ಕರೆಯಬೇಕು ಎಂಬುದು ನನಗೂ ತಿಳಿದಿರಲಿಲ್ಲ. ಎಲ್ಲವೂ ಭಾರವಾಗಿತ್ತು, ಯಾರಾದರೂ ಮಾತನಾಡಿಸಿದರೆ ಆ ಭಾರದ ಮೇಲೆ ಇನ್ನೊಂದು ಕಲ್ಲು ಇಟ್ಟಂತಾಗಿ ರೇಗುತ್ತಿದ್ದೆ, ರೇಗಿದ ಮೇಲೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು. "ನಿನಗೆ ನಾವು ಏನು ಕಡಿಮೆ ಮಾಡಿದ್ದೇವೆ?" ಎಂದು ಅಪ್ಪ ಕೇಳುತ್ತಿದ್ದರು. ಅವರು ಕೇಳುತ್ತಿದ್ದುದು ಪ್ರೀತಿಯಿಂದಲೇ ಎಂದು ಈಗ ಅರ್ಥವಾಗುತ್ತದೆ. ಆಗ ಮಾತ್ರ, ಏನೂ ಕಡಿಮೆಯಿಲ್ಲದಿದ್ದರೂ ಹೀಗಿದ್ದೇನೆಂದರೆ ಕೆಟ್ಟಿರುವುದು ನಾನೇ ಎಂಬ ತೀರ್ಮಾನಕ್ಕೆ ಆ ಪ್ರಶ್ನೆಯೇ ನನ್ನನ್ನು ತಲುಪಿಸುತ್ತಿತ್ತು.

ಸಮಾಲೋಚಕಿಯವರ ಸಲಹೆಯಲ್ಲಿ ಒಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ದಯವಿಟ್ಟು ಬಾಗಿಲು ಹಾಕಿ ಎದುರಿಗೆ ಕೂರಿಸಿಕೊಳ್ಳಬೇಡಿ. ಆ ವಯಸ್ಸಿನಲ್ಲಿ ಅದು ವಿಚಾರಣೆಯಂತೆಯೇ ಕಾಣುತ್ತದೆ. ನನ್ನ ಅಮ್ಮನಿಗೆ ನಾನು ಮೊದಲು ಬಾಯಿಬಿಟ್ಟದ್ದು ಕತ್ತಲಲ್ಲಿ, ಇಬ್ಬರೂ ಪಕ್ಕಪಕ್ಕದಲ್ಲಿ ನಡೆಯುತ್ತಿದ್ದಾಗ; ಅವರ ಮುಖ ನನಗೆ ಕಾಣಿಸುತ್ತಿರಲಿಲ್ಲ, ನನ್ನದು ಅವರಿಗೆ ಕಾಣಿಸುತ್ತಿರಲಿಲ್ಲ. ಅವರು ಕೇಳಿದ ಮೇಲೆ ನಾನು ಉತ್ತರಿಸಲು ಬಹಳ ಹೊತ್ತು ತೆಗೆದುಕೊಂಡೆ, ಅಷ್ಟು ಹೊತ್ತೂ ಅವರು ಮಾತನಾಡಲಿಲ್ಲ. ಅದು ಅವರಿಗೆ ಎಷ್ಟು ಕಷ್ಟವಾಗಿತ್ತೆಂದು ಆಮೇಲೆ ಹೇಳಿದರು.

ಚಿಕಿತ್ಸೆಯ ಬಗ್ಗೆ ನಿಮಗೆ ಭಯವಿರಬಹುದು. ನನಗೆ ಮಾತಿನ ಚಿಕಿತ್ಸೆಯೂ ಫ್ಲುಯೊಕ್ಸೆಟಿನ್ ಎಂಬ ಮಾತ್ರೆಯೂ ಇತ್ತು. ಚಿಕಿತ್ಸಕಿ ನನ್ನ ಬಾಲ್ಯವನ್ನು ಕೆದಕುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲ ವಾರ ಹೇಳಿದ್ದು, ಮನಸ್ಸು ಇರಲಿ ಬಿಡಲಿ, ದಿನಕ್ಕೆ ಹತ್ತು ನಿಮಿಷ ಮನೆಯಿಂದ ಹೊರಗೆ ಹೋಗಿ ಬಾ, ಬಂದ ಮೇಲೆ ಹೇಗನಿಸಿತೆಂದು ಹತ್ತಕ್ಕೆ ಅಂಕ ಹಾಕು ಎಂದು ಮಾತ್ರ. ಎರಡು, ಎರಡು, ಮೂರು, ಎರಡು ಎಂದು ಬರೆದ ಆ ಹಾಳೆ ಇನ್ನೂ ನನ್ನ ಬಳಿ ಇದೆ. ಮಾತ್ರೆಯ ಪರಿಣಾಮ ತಿಳಿಯಲು ಕೆಲವು ವಾರಗಳೇ ಬೇಕಾದವು. ಈ ಬಗೆಯ ಮಾತ್ರೆಗಳು ಚಿಕ್ಕ ವಯಸ್ಸಿನ ಕೆಲವರಲ್ಲಿ ಆರಂಭದ ದಿನಗಳಲ್ಲಿ ಸಾವಿನ ಯೋಚನೆಯನ್ನು ಹೆಚ್ಚಿಸಬಹುದು ಎಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಕಡ್ಡಾಯಗೊಳಿಸಿತು. ಹಾಗಾಗಿ ಮೊದಲ ವಾರಗಳಲ್ಲಿ ವೈದ್ಯರು ನನ್ನನ್ನು ಆಗಾಗ ಕರೆಸುತ್ತಿದ್ದರು. ಸರಿಹೋಯಿತೆಂದು ನಾನೇ ಒಮ್ಮೆ ಮಾತ್ರೆ ನಿಲ್ಲಿಸಿ ಪೇಚಿಗೆ ಸಿಕ್ಕಿದ್ದೇನೆ. ಶುರುಮಾಡುವುದಕ್ಕೂ ನಿಲ್ಲಿಸುವುದಕ್ಕೂ ವೈದ್ಯರೇ ಹೇಳಬೇಕು.

ಪ್ರಶ್ನೆ ಕೇಳಿದ ತಾಯಿ

ನಿಮ್ಮೆಲ್ಲರ ಉತ್ತರಗಳನ್ನು ಓದಿದ ದಿನವೇ ಸಂಜೆ ಅವನನ್ನು ನಡೆಯಲು ಕರೆದುಕೊಂಡು ಹೋಗಿ ಕೇಳಿದೆ. ಮೊದಲು ನೋಟ್‌ಬುಕ್ ಓದಿದ್ದಕ್ಕೆ ಕೂಗಾಡಿದ. ನಾನು ಸುಮ್ಮನೆ ನಡೆದೆ. ಬಹಳ ಹೊತ್ತಿನ ಮೇಲೆ, ಆ ಯೋಚನೆ ಬರುತ್ತದೆ, ಆದರೆ ಏನನ್ನೂ ಮಾಡಿಕೊಳ್ಳಬೇಕೆಂದು ಯೋಚಿಸಿಲ್ಲ, ಬೆಳಿಗ್ಗೆ ಎಚ್ಚರವೇ ಆಗದಿದ್ದರೆ ಚೆನ್ನಾಗಿತ್ತು ಎಂದು ಮಾತ್ರ ಅನಿಸುತ್ತದೆ ಎಂದು ಹೇಳಿದ. ಶಿಕ್ಷಕರು ಊಹಿಸಿದ್ದು ಸರಿ. ಒಂದು ಪಂದ್ಯದಲ್ಲಿ ಇವನ ತಪ್ಪಿನಿಂದ ತಂಡ ಸೋತಿತಂತೆ. ಅದರ ವಿಡಿಯೊವನ್ನು ತಂಡದ ವಾಟ್ಸಾಪ್ ಗುಂಪಿನಲ್ಲಿ ಹಾಕಿ ವಾರಗಟ್ಟಲೆ ಅಣಕಿಸಿ, ಕೊನೆಗೆ ಇವನನ್ನು ಗುಂಪಿನಿಂದ ತೆಗೆದುಹಾಕಿದ್ದಾರೆ. ಆಗಲೂ ಇವನೊಂದಿಗೆ ಮಾತು ಬಿಡದ ಒಬ್ಬ ಹುಡುಗನ ಸಂದೇಶಗಳು ಬರುತ್ತಿದ್ದುದು ನಾನು ಕಿತ್ತಿಟ್ಟುಕೊಂಡ ಮೊಬೈಲಿಗೆ. ಅಂದು ರಾತ್ರಿಯೇ ಅದನ್ನು ಹಿಂದಿರುಗಿಸಿದೆ. ಮಾತ್ರೆಗಳ ಡಬ್ಬಿಗೆ ಬೀಗ ಬಿದ್ದಿದೆ.

ಈಗಿನ ತೊಡಕು ಎರಡು. ವೈದ್ಯರ ಬಳಿ ಬರಲು ಅವನು ಒಪ್ಪುತ್ತಿಲ್ಲ, "ನನಗೆ ಹುಚ್ಚಿಲ್ಲ" ಎನ್ನುತ್ತಾನೆ. ಇದನ್ನೆಲ್ಲ ಅಪ್ಪನಿಗೆ ಹೇಳಕೂಡದು ಎಂದು ಮಾತು ತೆಗೆದುಕೊಳ್ಳಲು ನೋಡುತ್ತಿದ್ದಾನೆ.

ಉತ್ತರ 4: ಶಾಲಾ ಆಪ್ತಸಮಾಲೋಚಕಿ

ಕತ್ತಲಲ್ಲಿ ನಡೆಯುತ್ತಾ ಕೇಳುವುದೇ ಮೇಲು ಎಂದು ಈ ಬಾರಿ ನಾನೇ ಕಲಿತೆ. ಆ ತಮ್ಮನಿಗೆ ವಂದನೆಗಳು.

ಎಚ್ಚರವೇ ಆಗದಿದ್ದರೆ ಚೆನ್ನಾಗಿತ್ತು ಎನ್ನುವುದು, ಯೋಜನೆಯಿಲ್ಲದಿದ್ದರೂ, ಸಾವಿನ ಯೋಚನೆಯೇ. ತುರ್ತು ವಿಭಾಗಕ್ಕೆ ಓಡುವ ಸ್ಥಿತಿಯಲ್ಲ, ಆದರೆ ಈ ವಾರದೊಳಗೆ ವೈದ್ಯರು ಅವನನ್ನು ನೋಡಬೇಕು, ನೀವು ಮತ್ತೆ ಮತ್ತೆ ಕೇಳುತ್ತಿರಬೇಕು. ಮಾತು ಕೊಡುವ ವಿಷಯದಲ್ಲಿ, ಉಳಿಸಿಕೊಳ್ಳಲಾಗದ ಗುಟ್ಟಿಗೆ ಒಪ್ಪಬೇಡಿ. "ಅಣಕಿಸಿದ ವಿವರ ನಿನ್ನದು, ಅದನ್ನು ಯಾರಿಗೆ ಹೇಳಬೇಕೆಂಬುದು ನಿನಗೆ ಬಿಟ್ಟದ್ದು; ನಿನ್ನ ಜೀವದ ವಿಷಯವನ್ನು ಮಾತ್ರ ನಾನು ಒಬ್ಬಳೇ ಹೊರಲಾರೆ" ಎಂದು ಹೇಳಿ, ಅಪ್ಪನಿಗೆ ಯಾವ ಮಾತಿನಲ್ಲಿ ತಿಳಿಸಬೇಕು ಎಂಬುದನ್ನು ಅವನನ್ನೇ ಕೇಳಿ. ವೈದ್ಯರೂ ಇದೇ ಗೆರೆಯನ್ನು ಎಳೆಯುತ್ತಾರೆ: ಮಗು ಹೇಳಿದ್ದನ್ನೆಲ್ಲ ಹೆತ್ತವರ ಮುಂದೆ ಬಿಚ್ಚುವುದಿಲ್ಲ, ಜೀವಕ್ಕೆ ಅಪಾಯವಿದ್ದರೆ ಮುಚ್ಚಿಡುವುದೂ ಇಲ್ಲ. ಇದು ಮೊದಲೇ ಗೊತ್ತಾದರೆ ಎಷ್ಟೋ ಮಕ್ಕಳು ಬರಲು ಒಪ್ಪುತ್ತಾರೆ.

ಮನೋವೈದ್ಯರೆಂದರೆ ಬೆದರುವವನನ್ನು ಮೊದಲು ಮಕ್ಕಳ ವೈದ್ಯರ ಅಥವಾ ನಿಮ್ಮ ಎಂದಿನ ವೈದ್ಯರ ಬಳಿ ನಿದ್ದೆ ಮತ್ತು ದಣಿವಿನ ದೂರಿನೊಂದಿಗೆ ಕರೆದೊಯ್ಯಿರಿ. ಇದು ನೆಪವಲ್ಲ, ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಖಿನ್ನತೆಯಂತೆಯೇ ತೋರಬಹುದಾದ್ದರಿಂದ ಆ ಪರೀಕ್ಷೆ ಹೇಗೂ ಬೇಕು. ಅಲ್ಲಿಂದ ಅವರೇ ಮುಂದಕ್ಕೆ ಕಳಿಸುತ್ತಾರೆ. ಆದರೆ ಮಗನಿಗೆ ಸುಳ್ಳು ಹೇಳಿ ಕರೆದೊಯ್ಯಬೇಡಿ, ಮನಸ್ಸಿನ ವಿಷಯವನ್ನೂ ಹೇಳುತ್ತೇನೆಂದು ಮೊದಲೇ ತಿಳಿಸಿ. ಅದಕ್ಕೂ ಒಪ್ಪದಿದ್ದರೆ ನೀವು, ನಿಮ್ಮ ಯಜಮಾನರು ಮೊದಲು ಹೋಗಿ ಬನ್ನಿ.

ಮಾತ್ರೆಯೋ ಮಾತೋ ಎಂದು ಮುಂದೆ ಪ್ರಶ್ನೆ ಬರುತ್ತದೆ. ಸೌಮ್ಯವಾಗಿದ್ದರೆ ಸಾಮಾನ್ಯವಾಗಿ ಮಾತಿನ ಚಿಕಿತ್ಸೆಯಿಂದಲೇ ತೊಡಗುತ್ತಾರೆ. ತೀವ್ರತೆ ಹೆಚ್ಚಿದ್ದವರ ಬಗ್ಗೆ 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದನ್ನು ಇಂದಿಗೂ ಎಲ್ಲರೂ ಉಲ್ಲೇಖಿಸುತ್ತಾರೆ. ಖಿನ್ನತೆಯಿದ್ದ 12ರಿಂದ 17 ವರ್ಷದ 439 ಮಂದಿಯಲ್ಲಿ, 12 ವಾರಗಳ ನಂತರ ಫ್ಲುಯೊಕ್ಸೆಟಿನ್ ಮತ್ತು ಮಾತಿನ ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ ಶೇಕಡ 71 ಮಂದಿ, ಮಾತ್ರೆಯನ್ನು ಮಾತ್ರ ಪಡೆದವರಲ್ಲಿ ಶೇಕಡ 61, ಮಾತಿನ ಚಿಕಿತ್ಸೆಯನ್ನು ಮಾತ್ರ ಪಡೆದವರಲ್ಲಿ ಶೇಕಡ 43, ಹುಸಿ ಮಾತ್ರೆ ಪಡೆದವರಲ್ಲಿ ಶೇಕಡ 35 ಮಂದಿ ಸುಧಾರಿಸಿದ್ದರು. ಹುಸಿ ಮಾತ್ರೆಯಲ್ಲೂ ಮೂವರಲ್ಲಿ ಒಬ್ಬರು ಸುಧಾರಿಸಿದ್ದನ್ನು ಕಂಡು ಕಾದರೆ ಸಾಕೆನ್ನಬೇಡಿ. ಅವರನ್ನೂ ಯಾರೋ ನಿಯಮಿತವಾಗಿ ಕಂಡು, ಕೇಳಿ, ವಿಚಾರಿಸುತ್ತಿದ್ದರು.

ಅಣಕಿಸಿದ ಹುಡುಗರ ಮನೆಗೆ ನೀವೇ ಹೋಗಿ ಜಗಳ ತೆಗೆಯಬೇಡಿ. ಆ ಸಂದೇಶಗಳ ಪ್ರತಿಗಳು ಅವನ ಸ್ನೇಹಿತನ ಬಳಿ ಇದ್ದರೆ ಉಳಿಸಿಕೊಂಡು, ಮಗನ ಒಪ್ಪಿಗೆ ಪಡೆದು, ಶಾಲೆಗೆ ಬರವಣಿಗೆಯಲ್ಲಿ ದೂರು ಕೊಡಿ.

ಉತ್ತರ 5: ಒಬ್ಬ ತಂದೆ

ಯಾರೂ ಹೇಳದ ಒಂದು ವಿಷಯ. ನಿಮಗೆ ಇನ್ನೊಂದು ಮಗುವಿದೆ ಎಂದು ತಿಳಿಯಿತು. ನಮ್ಮ ದೊಡ್ಡ ಮಗಳ ಆತಂಕದ ಕಾಯಿಲೆಯ ಹಿಂದೆ ನಾವಿಬ್ಬರೂ ಓಡುತ್ತಿದ್ದ ಒಂದು ವರ್ಷ, ಚಿಕ್ಕವಳು ಯಾವ ತಂಟೆಯನ್ನೂ ಮಾಡದೆ ಇದ್ದಳು. ಎಷ್ಟು ತಿಳಿವಳಿಕೆಯ ಹುಡುಗಿ ಎಂದು ಮೆಚ್ಚಿಕೊಂಡೆವು. ಅಕ್ಕನಿಗೆ ಹೀಗಾದದ್ದು ತನ್ನಿಂದಲೇ ಎಂದು ಅವಳು ನಂಬಿದ್ದಳು. ಚಿಕ್ಕ ಮಗುವಿಗೂ ಅದರ ವಯಸ್ಸಿಗೆ ತಕ್ಕಷ್ಟು ಹೇಳಿಬಿಡಿ.

ಪ್ರಶ್ನೆ ಕೇಳಿದ ತಾಯಿ

ಗುರುವಾರ ಸಂಜೆ ವೈದ್ಯರು ಸಮಯ ಕೊಟ್ಟಿದ್ದಾರೆ. ನಿದ್ದೆಯ ವಿಷಯ ತಾನೇ ಹೇಳುತ್ತೇನೆ, ಉಳಿದದ್ದನ್ನು ಹೇಳುವುದೋ ಬಿಡುವುದೋ ಅಲ್ಲಿ ನೋಡುತ್ತೇನೆ ಎಂಬ ಷರತ್ತಿನ ಮೇಲೆ ಬರಲು ಒಪ್ಪಿದ್ದಾನೆ. ಅವನ ತಂದೆಗೆ ಅವನೇ ಆರಿಸಿಕೊಟ್ಟ ಮಾತುಗಳಲ್ಲಿ ನಿನ್ನೆ ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತನಾಡದೆ ಕುಳಿತಿದ್ದು, ಆಮೇಲೆ ಗುರುವಾರ ತಾವೂ ಬರಬಹುದೇ ಎಂದು ಕೇಳಿ ಬಾ ಎಂದು ನನ್ನನ್ನು ಅವನ ಕೋಣೆಗೆ ಕಳಿಸಿದರು.